ಗದಗಿನ ಪ್ರೋಗ್ರಾಮರ್ ಲೇಖನ ಉಳಿಯಬೇಕೋ ಬೇಡವೋ: ವಿಕಿಪೀಡಿಯದಲ್ಲಿ ನಡೆದ ಒಂದು ಚರ್ಚೆ

ಇಂಗ್ಲಿಷ್ ವಿಕಿಪೀಡಿಯದಲ್ಲಿ ನಾನು ಬರೆದ ಒಂದು ಲೇಖನವನ್ನು ಅಳಿಸಬೇಕು ಅಂತ ಪ್ರಸ್ತಾವ ಬಂತು. ಅದರ ಮೇಲೆ ಚರ್ಚೆ ನಡೆಯಿತು, ತೀರ್ಮಾನವೂ ಆಯಿತು. ಲೇಖನ ಗದಗಿನ ಒಬ್ಬ ಪ್ರೋಗ್ರಾಮರ್ ಬಗ್ಗೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ. ಹುಬ್ಬಳ್ಳಿ, ಧಾರವಾಡ, ಗದಗ ಕಡೆಯ ಗೆಳೆಯರು ಸಿಕ್ಕಾಗೆಲ್ಲ 'ಅದ್ಯಾಕೆ ತೆಗೆದರು, ಇಷ್ಟು ಕೆಲಸ ಮಾಡಿದ ಮನುಷ್ಯನಿಗೆ ಒಂದು ಪುಟ ಕೊಡಲಿಕ್ಕೆ ಏನು ಕಷ್ಟ' ಅಂತ ಕೇಳುತ್ತಾರೆ. ಫೋನಿನಲ್ಲಿ ಎರಡು ಮಾತಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಅವರು ಮಾಡಿದ್ದೇನು ಅಂತ ಹೇಳಬೇಕು. ಗದಗಿಗೆ ಮುದ್ರಣ ಕಾಶಿ ಅಂತಲೇ ಹೆಸರು. ಅಚ್ಚುಮೊಳೆ ಜೋಡಿಸುವ ಕಾಲ ಮುಗಿದ ಮೇಲೆ ಅಲ್ಲಿನ ಪ್ರೆಸ್ಸುಗಳೂ ಡಿಟಿಪಿಗೆ, ಅಂದರೆ ಕಂಪ್ಯೂಟರ್‌ನಲ್ಲೇ ಪುಟ ಜೋಡಿಸುವ ಪದ್ಧತಿಗೆ, ಹೊರಳಿದವು. ಆಗಿನ ಕನ್ನಡ ಫಾಂಟುಗಳ ಕಷ್ಟ ಅನುಭವಿಸಿದವರಿಗೇ ಗೊತ್ತು. ಯೂನಿಕೋಡ್ ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಎಲ್ಲಾ ಕಂಪ್ಯೂಟರ್‌ಗಳಲ್ಲಿ ಒಂದೇ ಸಂಖ್ಯೆ ಇಡುವ ಪದ್ಧತಿ, ಅದರಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಪ್ರೆಸ್ಸಿನವರು ಬಳಸುತ್ತಿದ್ದ ಪೇಜ್‌ಮೇಕರ್ ಅನ್ನುವ ಪುಟ ವಿನ್ಯಾಸದ ಸಾಫ್ಟ್‌ವೇರ್‌ಗೆ ಅದು ತಿಳಿಯುತ್ತಿರಲಿಲ್ಲ. ಹಾಗಾಗಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿ ಫಾಂಟ್ ಮಾಡುತ್ತಿದ್ದರು. ನುಡಿ ಅನ್ನುವ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿ 'ಕನ್ನಡ' ಅಂತ ಟೈಪ್ ಮಾಡಿದರೆ ಪರದೆಯ ಮೇಲೆ ಚೆಂದದ ಕನ್ನಡ ಕಾಣುತ್ತದೆ. ಫೈಲಿನ ಒಳಗೆ ಮಾತ್ರ ಪಿ, ತಲೆ ಮೇಲೆ ಗೀಟು ಎಳೆದ ಎ, ಪೌಂಡಿನ ಗುರುತು, ಹೀಗೆ ಏನೇನೋ ಇರುತ್ತದೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಕನ್ನಡ ಮಾಯ. ಹುಡುಕಾಟಕ್ಕೂ ಸಿಗುವುದಿಲ್ಲ, ಅಕಾರಾದಿ ಜೋಡಿಸಲಿಕ್ಕೂ ಬರುವುದಿಲ್ಲ.

ಹಾಗೆ ಟೈಪ್ ಆದ ಪುಸ್ತಕ, ಪಂಚಾಂಗ, ನಾಟಕ, ಸ್ಮರಣ ಸಂಚಿಕೆ ಎಷ್ಟಿದ್ದಾವೋ. ಅವುಗಳನ್ನು ಯೂನಿಕೋಡ್‌ಗೆ ತರುವ ಒಂದು ಕನ್ವರ್ಟರ್ ಬರೆದವರು ಇವರು. ಕೇಳಲಿಕ್ಕೆ ಸುಲಭ, ಈ ಗುರುತು ಬಂದರೆ ಆ ಅಕ್ಷರ ಇಡು ಅಂತ ಒಂದು ಕೋಷ್ಟಕ ಸಾಕು ಅನಿಸುತ್ತದೆ. ಸಾಲುವುದಿಲ್ಲ. ಹಳೇ ಫಾಂಟಿನಲ್ಲಿ 'ಮ' ಅನ್ನುವುದು ಒಂದೇ ಅಕ್ಷರ ಅಲ್ಲ, 'ವ' ಆಕಾರಕ್ಕೆ ಒಂದು ಬಾಲ ಸೇರಿಸಿ ಮಾಡಿದ್ದು. ಅದನ್ನು 'ವು' ಅಂತ ಓದಿಕೊಂಡರೆ ಎಲ್ಲಾ ಕೆಟ್ಟಿತು. ಅರ್ಕಾವತ್ತಿನದು ಇನ್ನೂ ಕಷ್ಟ. 'ಕರ್ನಾಟಕ' ಅಂತ ಬರೆದಾಗ ಅರ್ಕಾವತ್ತು ಕಣ್ಣಿಗೆ 'ನಾ' ಆದ ಮೇಲೆ ಬರುತ್ತದೆ, ಫೈಲಿನಲ್ಲೂ ಹಾಗೇ ಇರುತ್ತದೆ. ಯೂನಿಕೋಡ್‌ನಲ್ಲಿ ಅದು ಉಚ್ಚಾರದ ಕ್ರಮದಲ್ಲಿ, ಅಂದರೆ 'ನಾ' ಮುಂಚೆ ಹೋಗಿ ಕೂರಬೇಕು. ಒತ್ತಕ್ಷರ, ದೀರ್ಘ, ಕೊಂಬು ಎಲ್ಲ ಒಟ್ಟಿಗೆ ಬಂದ ಕಡೆ ಹಿಂದೆಮುಂದೆ ಸರಿಸುವ ಲೆಕ್ಕ ಜಾಸ್ತಿ ಆಗುತ್ತದೆ. ಸಾಲದ್ದಕ್ಕೆ ಒಂದೊಂದು ಕಂಪನಿಯ ಫಾಂಟಿಗೆ ಒಂದೊಂದು ಕೋಷ್ಟಕ, ಕೆಲವು ಪ್ರೆಸ್ಸಿನವರು ತಮಗೆ ಬೇಕಾದ ಹಾಗೆ ಫಾಂಟನ್ನೇ ತಿದ್ದಿಕೊಂಡಿರುತ್ತಿದ್ದರು. ಇವರು ಪ್ರೆಸ್ಸಿಗೆ ಹೋಗಿ, ಆಪರೇಟರ್ ಪಕ್ಕದಲ್ಲಿ ಕೂತು, ಎಲ್ಲಿ ತಪ್ಪು ಬರುತ್ತದೆ ಅಂತ ನೋಡಿ ನೋಡಿ ಕೋಷ್ಟಕ ತಿದ್ದಿದವರು. ಕನ್ವರ್ಟರನ್ನು ಪುಕ್ಕಟೆ ಕೊಟ್ಟರು, ಕೋಡನ್ನೂ ತೆರೆದಿಟ್ಟರು. ಇಂಥ ಕನ್ವರ್ಟರ್ ಮಾಡಿದವರು ಕನ್ನಡದಲ್ಲಿ ಬೇರೆಯವರೂ ಇದ್ದಾರೆ, ಇವರೊಬ್ಬರೇ ಅಂತ ನಾನು ಎಲ್ಲೂ ಬರೆದಿಲ್ಲ. ಆದರೆ ನಮ್ಮ ಭಾಗದ ಪ್ರೆಸ್ಸುಗಳ ಫಾಂಟುಗಳನ್ನು ಇಷ್ಟು ಆಳವಾಗಿ ಬಲ್ಲವರು ನನಗೆ ಇನ್ನೊಬ್ಬರು ಸಿಕ್ಕಿಲ್ಲ.

ಅದಕ್ಕೇ ಲೇಖನ ಬರೆದೆ. ಹುಟ್ಟಿದ ಊರು, ಓದಿದ್ದು, ಕನ್ವರ್ಟರ್ ಹೇಗೆ ಕೆಲಸ ಮಾಡುತ್ತದೆ, ಯಾರು ಬಳಸುತ್ತಾರೆ, ಇಷ್ಟೇ. ಹೊಗಳಿಕೆ ಏನೂ ಇರಲಿಲ್ಲ.

ಸ್ವಲ್ಪ ದಿನಕ್ಕೆ ಲೇಖನದ ನೆತ್ತಿಯ ಮೇಲೆ ಪಟ್ಟಿ ಬಂತು. ಈ ಲೇಖನವನ್ನು ಅಳಿಸಬೇಕೇ ಅನ್ನುವ ಚರ್ಚೆ ನಡೆಯುತ್ತಿದೆ, ನಿಮ್ಮ ಅಭಿಪ್ರಾಯ ಹೇಳಿ ಅಂತ. ಗೊತ್ತಿಲ್ಲದವರಿಗೆ ಈ ಪದ್ಧತಿ ಹೇಳಿಬಿಡುತ್ತೇನೆ. ಯಾವ ಸಂಪಾದಕನಾದರೂ ಕಾರಣ ಕೊಟ್ಟು ಲೇಖನವನ್ನು ಚರ್ಚೆಗೆ ಹಾಕಬಹುದು. ಸಾಮಾನ್ಯವಾಗಿ 7 ದಿನ ಚರ್ಚೆ. ಬಂದವರು ಕೀಪ್ (ಇರಲಿ), ಡಿಲೀಟ್ (ಅಳಿಸಿ), ಮರ್ಜ್ (ಬೇರೆ ಲೇಖನಕ್ಕೆ ಸೇರಿಸಿ) ಅಂತ ದಪ್ಪಕ್ಷರದಲ್ಲಿ ಬರೆದು ಮುಂದೆ ಕಾರಣ ಬರೆಯುತ್ತಾರೆ. ಮಾತು ಸಾಲದಿದ್ದರೆ ಇನ್ನೊಂದು ವಾರ ಮುಂದೂಡುತ್ತಾರೆ. ಕೊನೆಗೆ ಚರ್ಚೆಯಲ್ಲಿ ಇಲ್ಲದ ಒಬ್ಬರು ಬಂದು ಓದಿ ತೀರ್ಮಾನ ಬರೆಯುತ್ತಾರೆ. ಎಷ್ಟು ಜನ ಯಾವ ಕಡೆ ಅನ್ನುವ ಎಣಿಕೆ ಅಲ್ಲ, ಯಾರ ಕಾರಣ ನಿಯಮಕ್ಕೆ ಹೊಂದುತ್ತದೆ ಅನ್ನುವುದು ಮುಖ್ಯ.

ನಿಯಮ ಅಂದರೆ ಗಮನಾರ್ಹತೆ. ಒಬ್ಬ ವ್ಯಕ್ತಿಯ ಬಗ್ಗೆ, ಅವರಿಗೆ ಸಂಬಂಧ ಇಲ್ಲದ ನಂಬಿಕಸ್ಥ ಮೂಲಗಳು ಒಂದಿಷ್ಟು ವಿವರವಾಗಿ ಬರೆದಿರಬೇಕು. ವಿವರ ಅಂದರೆ ಹೆಸರು ಬಂದು ಹೋದರೆ ಸಾಲದು. ಸಂಬಂಧ ಇಲ್ಲದ ಅಂದರೆ ಅವರೇ, ಅವರ ಕಂಪನಿಯೇ, ಅವರ ಗೆಳೆಯರೇ ಬರೆದದ್ದು ನಡೆಯುವುದಿಲ್ಲ. ಈ ನಿಯಮದ ಬಗ್ಗೆ ನನಗೆ ತಕರಾರಿಲ್ಲ, ಚರ್ಚೆಯಲ್ಲೂ ಹಾಗೇ ಹೇಳಿದೆ. ಈ ಬಾಗಿಲು ಇಲ್ಲದಿದ್ದರೆ ವಿಕಿಪೀಡಿಯ ತುಂಬ ಬಯೋಡೇಟಾಗಳೇ ಇರುತ್ತಿದ್ದವು.

ಪ್ರಸ್ತಾವ ಹಾಕಿದವರು ನಮ್ಮ ದೇಶದವರೂ ಅಲ್ಲ ಅಂತ ಕಾಣುತ್ತದೆ. ಮರ್ಯಾದೆಯಿಂದಲೇ ಬರೆದಿದ್ದರು. ಅವರ ಮಾತು ಇಷ್ಟು: ಕೊಟ್ಟಿರುವ ಆಧಾರಗಳಲ್ಲಿ ಒಂದು ಅವರದೇ ವೆಬ್‌ಸೈಟು, ಒಂದು ಕೋಡ್ ತೆರೆದಿಡುವ ಗಿಟ್‌ಹಬ್ ತಾಣದ ಪುಟ, ಒಂದು ಕಾರ್ಯಕ್ರಮದ ಭಾಷಣಕಾರರ ಪರಿಚಯ. ಉಳಿದವು ಕನ್ನಡ ಪತ್ರಿಕೆಗಳ ಹೆಸರು ಮತ್ತು ದಿನಾಂಕ, ಕೊಂಡಿ ಇಲ್ಲ, ಪರಿಶೀಲಿಸಲಿಕ್ಕೆ ಆಗುವುದಿಲ್ಲ.

ಮೊದಲ ಮೂರರ ಬಗ್ಗೆ ಅವರು ಹೇಳಿದ್ದು ಸರಿ. ಅವುಗಳನ್ನು ನಾನು ಗಮನಾರ್ಹತೆಗೆ ಅಂತ ಕೊಟ್ಟಿರಲಿಲ್ಲ, ಕನ್ವರ್ಟರ್‌ನ ಆವೃತ್ತಿ, ಲೈಸೆನ್ಸ್‌ನಂಥ ವಿವರಕ್ಕೆ ಕೊಟ್ಟಿದ್ದೆ. ಕೊನೆಯ ಮಾತಿಗೆ ಮಾತ್ರ ನಾನು ಬಿಡಲಿಲ್ಲ. ಮೂಲ ಆನ್‌ಲೈನ್‌ನಲ್ಲೇ ಇರಬೇಕು ಅಂತ ವಿಕಿಪೀಡಿಯದಲ್ಲಿ ಎಲ್ಲೂ ಇಲ್ಲ. ಇಂಗ್ಲಿಷಿನಲ್ಲೇ ಇರಬೇಕು ಅಂತಲೂ ಇಲ್ಲ. ಗ್ರಂಥಾಲಯದಲ್ಲಿ ಕೂತು ಓದಬಹುದಾದ ಪತ್ರಿಕೆ ಇದ್ದರೆ ಅದು ಪರಿಶೀಲಿಸಬಹುದಾದ ಮೂಲವೇ. ಒತ್ತಿದರೆ ತೆರೆಯುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ ಕನ್ನಡದ ಕಾಗದವನ್ನು ತಳ್ಳಿಹಾಕಿದರೆ, 2010ಕ್ಕಿಂತ ಮುಂಚೆ ನಮ್ಮ ಜಿಲ್ಲೆಗಳಲ್ಲಿ ಏನೂ ನಡೆದೇ ಇಲ್ಲ ಅಂತ ಆಗುತ್ತದೆ. ಇದನ್ನು ಬರೆದೆ, ನಿಯಮದ ಪುಟವನ್ನೂ ತೋರಿಸಿದೆ. ಇಬ್ಬರು ಒಪ್ಪಿದರು. ಒಬ್ಬರು, ಹಾಗಾದರೆ ಆ ಪತ್ರಿಕೆಯಲ್ಲಿ ಏನು ಬರೆದಿದೆ ಅಂತ ಸಾರಾಂಶ ಹೇಳಿ, ಎಷ್ಟು ಸಾಲು ಅವರ ಬಗ್ಗೆಯೇ ಇದೆ ಅಂತಲೂ ಹೇಳಿ ಅಂದರು. ಇಡೀ ಚರ್ಚೆಯಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದ ಪ್ರಶ್ನೆ ಅದು.

ಅಷ್ಟರಲ್ಲಿ ಸುದ್ದಿ ಹರಡಿ, ಕಾಲೇಜು ಹುಡುಗರು, ಡಿಟಿಪಿ ಗೆಳೆಯರು ಎಲ್ಲ ಸೇರಿ 'ನಾವೂ ಬಂದು ಕೀಪ್ ಅಂತ ಹಾಕ್ತೀವಿ' ಅಂದರು. ಬೇಡ ಅಂದೆ. ಖಾತೆ ತೆರೆದ ದಿನವೇ ಒಂದು ಅಳಿಸುವ ಚರ್ಚೆಗೆ ಬಂದು ಕೀಪ್ ಅಂದವರ ಮಾತಿನ ಪಕ್ಕ, ಇವರು ಇಲ್ಲಿ ಬಿಟ್ಟರೆ ಬೇರೆ ಎಲ್ಲೂ ಕೆಲಸ ಮಾಡಿಲ್ಲ ಅಂತ ಷರಾ ಬೀಳುತ್ತದೆ. ಮಂದಿ ಕೂಡಿಸಿಕೊಂಡು ಬರುವುದು ಅಲ್ಲಿ ನಿಯಮಕ್ಕೆ ವಿರುದ್ಧ, ಅದಕ್ಕಿಂತ ಹೆಚ್ಚಾಗಿ ಅವರ ಹೆಸರಿಗೇ ಕೆಡುಕು. ನೀವು ಮಾಡುವುದಿದ್ದರೆ ಮನೆಯಲ್ಲಿ ಹಳೇ ಪೇಪರ್ ಕಟಿಂಗ್ ಇದೆಯಾ ನೋಡಿ ಅಂದೆ. ಕೆಲವರು ನಿಜವಾಗಿಯೂ ನೋಡಿದರು.

ಆ ವಾರ ಪೂರ್ತಿ ನಾನು ಮೂಲ ಹುಡುಕಿದೆ. ಕೆಲಸ ಮುಗಿಸಿ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋಗುವುದು, ಗ್ರಂಥಾಲಯ ಮುಚ್ಚುವವರೆಗೆ ಬೈಂಡ್ ಮಾಡಿದ ಪತ್ರಿಕೆ ತಿರುವುವುದು. ಜಿಲ್ಲಾ ಪುಟಗಳನ್ನು ಎಲ್ಲ ಕಡೆ ಕಾಪಾಡಿ ಇಡುವುದಿಲ್ಲ, ಬೆಂಗಳೂರು ಆವೃತ್ತಿ ಇರುತ್ತದೆ, ಗದಗ ಆವೃತ್ತಿ ಇರುವುದಿಲ್ಲ. ರಜೆ ಸಿಕ್ಕಾಗ ಅಣ್ಣಿಗೇರಿ ದಾಟಿ ಗದಗಿಗೇ ಹೋದೆ. ಅಲ್ಲಿ ಪ್ರೆಸ್ಸುಗಳಲ್ಲಿ, ಹಳೇ ವರದಿಗಾರರ ಮನೆಯಲ್ಲಿ ಕೇಳಿದೆ.

ಸಿಕ್ಕಿದ್ದನ್ನು ಸಿಕ್ಕ ಹಾಗೇ ಹೇಳುತ್ತೇನೆ. ಸನ್ಮಾನದ ಸುದ್ದಿಗಳು ಬಹಳ ಸಿಕ್ಕವು. ಶಾಲು, ಹಾರ, ಫಲಪುಷ್ಪ, ವೇದಿಕೆ ಮೇಲಿದ್ದವರ ಉದ್ದ ಪಟ್ಟಿ, ಕೊನೆಗೆ 'ಗಣಕ ತಜ್ಞರನ್ನು ಸನ್ಮಾನಿಸಲಾಯಿತು' ಅಂತ ಇವರ ಹೆಸರು. ಇವರು ಏನು ಮಾಡಿದ್ದಾರೆ ಅಂತ ಒಂದು ಸಾಲೂ ಇಲ್ಲ. ಶಾಲು ಹೊದಿಸಿದವರ ಬಗ್ಗೆಯೇ ಜಾಸ್ತಿ ಇದೆ. ಇಂಥವು ಎಷ್ಟಿದ್ದರೂ ಗಮನಾರ್ಹತೆಗೆ ಲೆಕ್ಕಕ್ಕೆ ಬರುವುದಿಲ್ಲ, ಬರಬಾರದು ಕೂಡ.

ಮುದ್ರಕರ ಒಂದು ಸ್ಮರಣ ಸಂಚಿಕೆಯಲ್ಲಿ ಒಳ್ಳೇ ಲೇಖನ ಸಿಕ್ಕಿತು. ಪುಟಗಟ್ಟಲೆ ಬರೆದಿದ್ದರು, ಅರ್ಕಾವತ್ತಿನ ಸಮಸ್ಯೆಯನ್ನು ಚಿತ್ರ ಹಾಕಿ ವಿವರಿಸಿದ್ದರು. ನನಗೆ ಕುಣಿಯುವಷ್ಟು ಖುಷಿ ಆಯಿತು. ಆಮೇಲೆ ಬರೆದವರ ಹೆಸರು ನೋಡಿದರೆ, ಆ ಕಾಲದಲ್ಲಿ ಇವರ ಜೊತೆ ಪಾಲುದಾರರಾಗಿದ್ದವರು. ಸ್ವತಂತ್ರ ಮೂಲ ಅಂತ ಹೇಳಲಿಕ್ಕೆ ಬರಲಿಲ್ಲ. ಚರ್ಚೆಯಲ್ಲಿ ಅದನ್ನು ಮುಚ್ಚಿಡದೆ ಹೇಳಿಯೇ ಕೊಟ್ಟೆ, ಕನ್ವರ್ಟರಿನ ವಿವರಕ್ಕೆ ಬಳಸಿ, ಗಮನಾರ್ಹತೆಗೆ ಬೇಡ ಅಂತ.

ಒಂದು ದಿನಪತ್ರಿಕೆಯ ಪುರವಣಿಯಲ್ಲಿ ನಿಜವಾದ ವರದಿ ಇತ್ತು. ವರದಿಗಾರರು ಪ್ರೆಸ್ಸಿಗೆ ಹೋಗಿ ನೋಡಿ, ಇಬ್ಬರು ಆಪರೇಟರುಗಳನ್ನು ಮಾತಾಡಿಸಿ ಬರೆದದ್ದು, ಅರ್ಧ ಪುಟ. ಇದು ನಿಲ್ಲುವ ಮೂಲ. ಇಂಥದ್ದೇ ಇನ್ನೊಂದೆರಡು ಸಿಕ್ಕಿದ್ದರೆ ಲೇಖನ ಉಳಿಯುತ್ತಿತ್ತು ಅಂತ ನನಗೆ ಈಗಲೂ ಖಾತ್ರಿ ಇದೆ.

ಇನ್ನೊಂದು ಸಿಕ್ಕಿದ್ದು ಹೇಗೆ ಅಂತ ಹೇಳಲೇಬೇಕು. 2000ದ ಆಸುಪಾಸಿನಲ್ಲಿ ಹಲವು ಕನ್ನಡ ಪತ್ರಿಕೆಗಳು ವೆಬ್‌ಸೈಟ್ ಮಾಡಿದಾಗ ತಮ್ಮದೇ ಫಾಂಟ್ ಬಳಸುತ್ತಿದ್ದವು. ಅಂದರೆ ಆ ಪುಟಗಳ ಒಳಗೂ ಅದೇ ಪಿ, ಗೀಟಿರುವ ಎ, ಪೌಂಡಿನ ಗುರುತು. ಗೂಗಲ್‌ನಲ್ಲಿ ಕನ್ನಡದಲ್ಲಿ ಹೆಸರು ಹಾಕಿ ಹುಡುಕಿದರೆ ಜನ್ಮದಲ್ಲಿ ಸಿಗುವುದಿಲ್ಲ. ಚರ್ಚೆಯಲ್ಲಿ ಒಬ್ಬರು 'ಕನ್ನಡದಲ್ಲೂ ಹುಡುಕಿದೆ, ಏನೂ ಇಲ್ಲ' ಅಂತ ಬರೆದಿದ್ದರು, ಅವರು ಪ್ರಾಮಾಣಿಕವಾಗಿಯೇ ಹುಡುಕಿದ್ದರು, ಆದರೆ ಹುಡುಕಿದ ಜಾಗದಲ್ಲಿ ಇರುವುದನ್ನು ಯಂತ್ರ ಕನ್ನಡ ಅಂತ ಗುರುತಿಸಿಯೇ ಇಲ್ಲ. ಹಳೇ ವೆಬ್ ಪುಟಗಳ ಪ್ರತಿ ಕಾಪಾಡಿಡುವ ವೇಬ್ಯಾಕ್ ಮಷೀನ್ ತಾಣದಲ್ಲಿ ಉಳಿದಿದ್ದ ಅಂಥ ಹಳೇ ಪುಟಗಳನ್ನು ಇಳಿಸಿಕೊಂಡು, ಇವರ ಕನ್ವರ್ಟರಿಗೇ ಹಾಕಿ ಯೂನಿಕೋಡ್ ಮಾಡಿ, ಆಮೇಲೆ ಇವರ ಹೆಸರು ಹುಡುಕಿದೆ. ಒಂದು ಪುಟ್ಟ ವರದಿ ಸಿಕ್ಕಿತು. ಗಮನಾರ್ಹತೆಗೆ ಸಾಲುವಷ್ಟು ಉದ್ದ ಇರಲಿಲ್ಲ. ಆದರೆ ಅದನ್ನು ಚರ್ಚೆಗೆ ಹಾಕಿ, ಇದನ್ನು ನೀವು ಹುಡುಕಿ ಕಾಣಲು ಆಗದ್ದಕ್ಕೆ ಕಾರಣ ಏನೋ, ಈ ಲೇಖನದ ವ್ಯಕ್ತಿ ಇಷ್ಟು ವರ್ಷ ಕೆಲಸ ಮಾಡಿದ್ದು ಅದರ ಮೇಲೆಯೇ ಅಂತ ಬರೆದೆ. ಆ ಮಾತಿಗೆ ಯಾರೂ ಎದುರು ಹೇಳಲಿಲ್ಲ. ಇಬ್ಬರು ಡಿಲೀಟ್ ಅಂತ ಹಾಕಿದ್ದನ್ನು ಮರ್ಜ್ ಅಂತ ಬದಲಿಸಿದರು.

ಚರ್ಚೆಯ ನಡುವೆ ಪ್ರೋಗ್ರಾಮರ್ ಅನ್ನುವವರನ್ನು ಯಾವ ಅಳತೆಯಲ್ಲಿ ಅಳೆಯಬೇಕು ಅನ್ನುವ ಮಾತು ಬಂತು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ವಿಕಿಪೀಡಿಯದಲ್ಲಿ ಪ್ರಾಧ್ಯಾಪಕರಿಗೆ ಬೇರೆ ಅಳತೆ ಇದೆ, ಅವರ ಸಂಶೋಧನೆಯನ್ನು ಬೇರೆಯವರು ಎಷ್ಟು ಉಲ್ಲೇಖಿಸಿದ್ದಾರೆ, ದೊಡ್ಡ ಸಂಸ್ಥೆಯ ಫೆಲೋ ಆಗಿದ್ದಾರಾ ಅಂತ ನೋಡುತ್ತಾರೆ. ಪತ್ರಿಕೆಗಳು ಅವರ ಬಗ್ಗೆ ಬರೆದಿರಲೇಬೇಕು ಅಂತಿಲ್ಲ. ಲೇಖಕರು, ಕಲಾವಿದರು, ವಾಸ್ತುಶಿಲ್ಪಿಗಳಂಥ ಸೃಜನಶೀಲ ಕೆಲಸದವರಿಗೆ ಹೊಸ ವಿಧಾನ ತಂದವರು ಅನ್ನುವ ಒಂದು ಅಳತೆ ಇದೆ. ಪ್ರೋಗ್ರಾಮರಿಗೆ ಅಂತಲೇ ಪ್ರತ್ಯೇಕ ಅಳತೆ ಇಲ್ಲ. ಸೃಜನಶೀಲರ ಸಾಲಿನಲ್ಲಿ ಇವರನ್ನೂ ಇಡಿ ಅಂತ ನಾನು ವಾದಿಸಿದೆ. ಕೋಡ್ ಬರೆಯುವುದು ಸೃಜನಶೀಲ ಕೆಲಸ ಹೌದೋ ಅಲ್ಲವೋ ಅಂತ ಉದ್ದಕ್ಕೆ ಮಾತು ನಡೆಯಿತು. ಒಪ್ಪಿದವರೂ ಕೊನೆಗೆ, ಆಯಿತು, ಹೊಸ ವಿಧಾನ ಅಂತ ಹೇಳಿದವರು ಯಾರು, ನೀವಾ, ಬೇರೆ ಯಾರಾದರೂ ಬರೆದಿದ್ದಾರಾ ಅಂತ ಅಲ್ಲಿಗೇ ಬಂದು ನಿಂತರು.

ಇನ್ನೊಬ್ಬರು, ಸಾಫ್ಟ್‌ವೇರ್ ಬಳಕೆಯಲ್ಲಿದ್ದ ಮಾತ್ರಕ್ಕೆ ಅದನ್ನು ಬರೆದವರು ಗಮನಾರ್ಹರಾಗುವುದಿಲ್ಲ ಅಂದರು. ಈ ಮಾತನ್ನು ನಾನು ಬಹಳ ಯೋಚಿಸಿದ್ದೇನೆ. ಇಂಟರ್‌ನೆಟ್‌ನಲ್ಲಿ ಮಾಹಿತಿ ಸಾಗಿಸುವ ಕರ್ಲ್ ಅನ್ನುವ ಪ್ರೋಗ್ರಾಂ ಕೋಟ್ಯಂತರ ಸಾಧನಗಳಲ್ಲಿ ಕೂತಿದೆ, ಮಾಹಿತಿ ಜೋಡಿಸಿಡುವ ಎಸ್‌ಕ್ಯೂಲೈಟ್ ನಮ್ಮೆಲ್ಲರ ಮೊಬೈಲಿನಲ್ಲಿದೆ. ಅವುಗಳನ್ನು ಶುರು ಮಾಡಿದ ಡೇನಿಯಲ್ ಸ್ಟೆನ್‌ಬರ್ಗ್, ರಿಚರ್ಡ್ ಹಿಪ್ ಅವರ ಹೆಸರು ಎಷ್ಟು ಜನಕ್ಕೆ ಗೊತ್ತು? 2024ರ ಮಾರ್ಚಿನಲ್ಲಿ ಎಕ್ಸ್‌ಝಡ್ ಅನ್ನುವ, ಫೈಲ್ ಕುಗ್ಗಿಸುವ ಚಿಕ್ಕ ಸಾಫ್ಟ್‌ವೇರ್ ಒಳಗೆ ಯಾರೋ ಕಳ್ಳಬಾಗಿಲು ಇಟ್ಟದ್ದು ಪತ್ತೆ ಆಯಿತು. ಲಾಗಿನ್ ಅರ್ಧ ಸೆಕೆಂಡ್ ತಡ ಆಗುತ್ತಿದೆ ಯಾಕೆ ಅಂತ ಬೆನ್ನು ಹತ್ತಿ ಹಿಡಿದವರು ಆಂಡ್ರೆಸ್ ಫ್ರಾಯಂಡ್ ಅನ್ನುವ ಎಂಜಿನಿಯರ್. ಆ ಸಾಫ್ಟ್‌ವೇರನ್ನು ವರ್ಷಗಟ್ಟಲೆ ಬಹುಪಾಲು ಒಬ್ಬರೇ, ಬಿಡುವಿನಲ್ಲಿ ನೋಡಿಕೊಳ್ಳುತ್ತಿದ್ದರು ಅಂತ ಜಗತ್ತಿಗೆ ತಿಳಿದದ್ದು ಆಗಲೇ. ಪ್ರೋಗ್ರಾಮರ್ ಕೆಲಸ ಚೆನ್ನಾಗಿ ನಡೆಯುತ್ತಿರುವವರೆಗೆ ಅದು ಸುದ್ದಿ ಆಗುವುದಿಲ್ಲ. ಸುದ್ದಿ ಆಗದಿದ್ದರೆ ಮೂಲ ಇಲ್ಲ, ಮೂಲ ಇಲ್ಲದಿದ್ದರೆ ಲೇಖನ ಇಲ್ಲ. ಪ್ರಶಸ್ತಿ ಬಂದವರದು ಬೇರೆ ಮಾತು. ಸಿ ಭಾಷೆ ಮಾಡಿದ ಡೆನಿಸ್ ರಿಚಿ ಅವರಿಗೆ 1983ರಲ್ಲೇ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂದಿತ್ತು.

ಕನ್ನಡದಲ್ಲೂ ಇದೇ ಕಾಣುತ್ತದೆ. ಕನ್ನಡ ಕೀಲಿಮಣೆಯ ವಿನ್ಯಾಸ ಕೊಟ್ಟ ಕೆ.ಪಿ. ರಾವ್ ಅವರಿಗೆ ನಾಡೋಜ ಗೌರವ ಬಂದಿದೆ, ಅವರ ಬಗ್ಗೆ ಬರಹಗಳಿವೆ. 1998ರಲ್ಲಿ ಬರಹ ತಂತ್ರಾಂಶ ಕೊಟ್ಟ ಶೇಷಾದ್ರಿವಾಸು ಅವರ ಹೆಸರು ಕಂಪ್ಯೂಟರ್ ಮುಟ್ಟಿದ ಕನ್ನಡಿಗರಿಗೆ ಗೊತ್ತು. ಅವರು ಹಾಕಿದ ದಾರಿಯಲ್ಲಿ ಜಿಲ್ಲಾ ಮಟ್ಟದಲ್ಲಿ ಕೂತು ಕೋಷ್ಟಕ ತಿದ್ದಿದವರ ಬಗ್ಗೆ ಬರೆದವರು ಯಾರು?

ಚರ್ಚೆಯಲ್ಲಿ ನಾನು ಡೊನಾ ಸ್ಟ್ರಿಕ್‌ಲ್ಯಾಂಡ್ ಅವರ ಉದಾಹರಣೆ ಎತ್ತಿದೆ. 2018ರ ಮೇ ತಿಂಗಳಲ್ಲಿ ಅವರ ಬಗೆಗಿನ ಕರಡು ಲೇಖನವನ್ನು ಆಧಾರ ಸಾಲದು ಅಂತ ತಿರಸ್ಕರಿಸಿದ್ದರು. ಅದೇ ಅಕ್ಟೋಬರ್ 2ರಂದು ಅವರಿಗೆ ಭೌತಶಾಸ್ತ್ರದ ನೊಬೆಲ್ ಘೋಷಣೆ ಆಯಿತು. ಟೆನ್ನೆಸಿನ್ ಧಾತುವಿನ ಶೋಧದಲ್ಲಿ ಕೆಲಸ ಮಾಡಿದ ಕ್ಲಾರಿಸ್ ಫೆಲ್ಪ್ಸ್ ಅವರ ಲೇಖನವನ್ನು 2019ರಲ್ಲಿ ಅಳಿಸಿ, ಮುಂದಿನ ವರ್ಷ ಮತ್ತೆ ತಂದರು. ನನಗೆ ಬಂದ ಉತ್ತರ, ಬೇರೆ ಲೇಖನದಲ್ಲಿ ಏನಾಯಿತು ಅನ್ನುವುದು ಈ ಲೇಖನಕ್ಕೆ ಕಾರಣ ಆಗುವುದಿಲ್ಲ ಅಂತ. ನಿಯಮದ ಪ್ರಕಾರ ಉತ್ತರ ಸರಿ. ಆದರೆ ಆ ಉದಾಹರಣೆಗಳು ಚರ್ಚೆಯ ದಾಖಲೆಯಲ್ಲಿ ಇರಲಿ ಅಂತಲೇ ಬರೆದಿದ್ದೆ, ಮುಂದೆ ಯಾರಾದರೂ ಓದುತ್ತಾರೆ.

ಇನ್ನು ಆ ಪ್ರೋಗ್ರಾಮರ್ ಏನಂದರು ಅಂತ ಕೇಳುತ್ತೀರಿ. ಗದಗಿಗೆ ಹೋದಾಗ ಭೇಟಿ ಆದೆ. ಚಹಾ ಕೊಟ್ಟು, 'ಅಲ್ರೀ, ನಂದೇನ್ ಬರೀತೀರಿ? ಆ ಕೋಷ್ಟಕದ ಬಗ್ಗೆ ಬರೀರಿ, ಮಂದಿಗೆ ಉಪಯೋಗ ಆಗ್ತದ' ಅಂದರು. ಲೇಖನ ಹೋದರೆ ಅವರಿಗೆ ಬೇಸರ ಆಗುತ್ತದೇನೋ ಅನ್ನುವ ಅಳುಕು ನನಗಿತ್ತು. ಅವರಿಗೆ ಬೇಸರ ಆಗಿದ್ದು ಬೇರೆಯದಕ್ಕೆ. ಚರ್ಚೆ ಶುರುವಾದ ಮೇಲೆ ಯಾರೋ ಮೇಲ್ ಮಾಡಿ, ಇಷ್ಟು ದುಡ್ಡು ಕೊಟ್ಟರೆ ನಿಮ್ಮ ಪುಟ ಉಳಿಸಿಕೊಡುತ್ತೇವೆ ಅಂದಿದ್ದರಂತೆ. ಇದು ಹೊಸತಲ್ಲ. 2015ರಲ್ಲಿ ಇಂಗ್ಲಿಷ್ ವಿಕಿಪೀಡಿಯ ಒಂದೇ ಜಾಲದ 381 ಖಾತೆಗಳನ್ನು ಒಟ್ಟಿಗೆ ನಿರ್ಬಂಧಿಸಿತ್ತು, ಅವರ ಕೆಲಸವೇ ಲೇಖನ ತಿರಸ್ಕಾರ ಆದವರನ್ನು ಹುಡುಕಿ ಹಣ ಕೇಳುವುದು. ಯಾರಿಗೇ ಇಂಥ ಮೇಲ್ ಬಂದರೂ ಒಂದು ರೂಪಾಯಿ ಕೊಡಬೇಡಿ. ದುಡ್ಡು ತೆಗೆದುಕೊಂಡು ಪುಟ ಉಳಿಸುವ ಅಧಿಕಾರ ವಿಕಿಪೀಡಿಯದಲ್ಲಿ ಯಾರಿಗೂ ಇಲ್ಲ. ಅಲ್ಲಿನವರು ಪ್ರೋಗ್ರಾಮರ್, ಉದ್ಯಮಿ ಅನ್ನುವ ಲೇಖನ ಕಂಡ ಕೂಡಲೇ ಅನುಮಾನದಿಂದ ನೋಡುವುದಕ್ಕೂ ಇಂಥ ಜಾಲಗಳೇ ಕಾರಣ.

ಅವರು ಇನ್ನೊಂದು ಮಾತು ಕೇಳಿದರು, ನನ್ನ ಹೆಸರಿನ ಪುಟದಲ್ಲಿ ನಾಳೆ ಯಾರಾದರೂ ಏನಾದರೂ ಬರೆದರೆ? ಸರಿಯಾದ ಪ್ರಶ್ನೆ. 2005ರಲ್ಲಿ ಅಮೆರಿಕದ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರ ಪುಟದಲ್ಲಿ, ಅವರಿಗೆ ಕೆನಡಿ ಕೊಲೆಯ ಜೊತೆ ನಂಟಿತ್ತು ಅನ್ನುವ ಶುದ್ಧ ಸುಳ್ಳು ತಿಂಗಳುಗಟ್ಟಲೆ ಉಳಿದಿತ್ತು. ಬದುಕಿರುವವರ ಬಗ್ಗೆ ಬರೆಯುವ ನಿಯಮ ಬಿಗಿ ಆಗಿದ್ದು ಆಮೇಲೆಯೇ. ಹೆಚ್ಚು ಜನ ಗಮನಿಸದ ಪುಟಕ್ಕೆ ಈ ಅಪಾಯ ಜಾಸ್ತಿ. ತಮ್ಮ ಪುಟವನ್ನು ತಾವೇ ತಿದ್ದುವುದನ್ನು ಅಲ್ಲಿ ಒಪ್ಪುವುದಿಲ್ಲ, ಚರ್ಚಾಪುಟದಲ್ಲಿ ಬರೆದು ಬೇರೆಯವರನ್ನು ಕೇಳಬೇಕು. ಇದನ್ನೆಲ್ಲ ಅವರಿಗೆ ಹೇಳಿದೆ. ಹುಟ್ಟಿದ ಊರಿನ ಹೆಸರು, ಮನೆ ವಿಷಯ ಬೇಡ ಅಂದರು. ಲೇಖನದಿಂದ ತೆಗೆದೆ. ಇಲ್ಲಿ ಅವರ ಹೆಸರು ಬರೆಯದೆ ಇರುವುದೂ ಅದಕ್ಕೇ.

ಚರ್ಚೆ ಒಂದು ಸಲ ಮುಂದೂಡಿ, ಆಮೇಲೆ ಮುಗಿಯಿತು. ತೀರ್ಮಾನ ಮರ್ಜ್. ಅಂದರೆ ಅವರದೇ ಆದ ಪುಟ ಇರುವುದಿಲ್ಲ, ಕನ್ನಡ ತಂತ್ರಾಂಶಗಳ ಬಗೆಗಿನ ಲೇಖನದಲ್ಲಿ ಕನ್ವರ್ಟರಿನ ಬಗ್ಗೆ ಒಂದು ಪ್ಯಾರಾ, ಪುರವಣಿಯ ವರದಿ ಆಧಾರವಾಗಿ. ಮುಗಿಸಿದವರು ಬರೆದ ಟಿಪ್ಪಣಿಯಲ್ಲಿ ಎರಡು ಮಾತಿದ್ದವು. ಮುದ್ರಿತ ಕನ್ನಡ ಮೂಲಗಳು ಒಪ್ಪತಕ್ಕವೇ, ಕೊಂಡಿ ಇಲ್ಲ ಅನ್ನುವುದು ಆಕ್ಷೇಪ ಆಗುವುದಿಲ್ಲ. ಆದರೆ ವಿವರವಾದ ಸ್ವತಂತ್ರ ಮೂಲ ಒಂದೇ ಇದೆ, ವ್ಯಕ್ತಿಯ ಲೇಖನಕ್ಕೆ ಅದು ಸಾಲದು. ಹೊಸ ಮೂಲ ಬಂದರೆ ಪುಟವನ್ನು ಮತ್ತೆ ತೆರೆಯಲಿಕ್ಕೆ ಅಡ್ಡಿ ಇಲ್ಲ, ಹಳೇ ಬರಹ ಇತಿಹಾಸದಲ್ಲಿ ಹಾಗೇ ಇದೆ.

ಮೊದಲನೇ ಮಾತು ಬರೆಸಿಕೊಂಡದ್ದೇ ನನಗೆ ದೊಡ್ಡದು. ನಮ್ಮ ಕಡೆಯ ಇನ್ನೊಬ್ಬರ ಲೇಖನಕ್ಕೆ ನಾಳೆ ಇದೇ ತಕರಾರು ಬಂದರೆ ತೋರಿಸಲಿಕ್ಕೆ ಆಗುತ್ತದೆ. ಎರಡನೇ ಮಾತಿಗೆ, ಅವರಿಗೆ ಪುಟ ಸಿಗಬೇಕು ಅನ್ನುವ ನನ್ನ ಅಭಿಪ್ರಾಯ ಇವತ್ತಿಗೂ ಬದಲಾಗಿಲ್ಲ. ಆದರೆ ಆ ಪುಟವನ್ನು ಕೊಡಬೇಕಾದವರು ವಿಕಿಪೀಡಿಯದವರು ಅಂತ ನಾನು ಹೇಳುವುದಿಲ್ಲ. ಮೊದಲು ನಾವು ಬರೆಯಬೇಕಿತ್ತು. ಧಾರವಾಡದಲ್ಲಿ 1890ರಲ್ಲೇ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದ ನೆಲ ಇದು, ಕವಿಗಳ ಬಗ್ಗೆ, ಗಾಯಕರ ಬಗ್ಗೆ ಇಲ್ಲಿ ಎಷ್ಟೊಂದು ಬರೆದಿದ್ದಾರೆ. ಹುಬ್ಬಳ್ಳಿ-ಧಾರವಾಡದಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿಗೆ ಕಡಿಮೆ ಇಲ್ಲ, ಐಐಟಿಯೂ ಬಂದಿದೆ. ಆದರೂ ಒಬ್ಬ ಪ್ರೋಗ್ರಾಮರನ್ನು ಕೂರಿಸಿಕೊಂಡು, ನೀವು ಇದನ್ನು ಹೇಗೆ ಮಾಡಿದಿರಿ, ಎಲ್ಲಿ ಸಿಕ್ಕಿಕೊಂಡಿರಿ ಅಂತ ಕೇಳಿ ಬರೆದದ್ದು ಹುಡುಕಿದರೂ ಸಿಗುವುದಿಲ್ಲ. ಸಿಗುವುದು ಸನ್ಮಾನದ ಸುದ್ದಿ.

ಈಗ ಮಾಡುತ್ತಿರುವುದು ಇಷ್ಟು. ಒಂದು ಮಾಸಿಕದ ಸಂಪಾದಕರ ಹತ್ತಿರ ಮಾತಾಡಿದ್ದೇನೆ. ಅವರು ತಮ್ಮದೇ ವರದಿಗಾರರನ್ನು ಕಳಿಸಿ ಗದಗಿನ ಡಿಟಿಪಿ ಕಾಲದ ಬಗ್ಗೆ ಬರೆಸಲು ಒಪ್ಪಿದ್ದಾರೆ. ನಾನು ಬರೆಯುವುದಿಲ್ಲ ಅಂದೆ. ನಾನು ಬರೆದು ನಾನೇ ಅದನ್ನು ವಿಕಿಪೀಡಿಯದಲ್ಲಿ ಆಧಾರ ಅಂತ ಕೊಡುವುದು ಸರಿ ಅಲ್ಲ. ವರದಿಗಾರರಿಗೆ ಇವರೊಬ್ಬರ ಬಗ್ಗೆಯೇ ಬರೆಯಿರಿ ಅಂತಲೂ ಹೇಳಿಲ್ಲ, ಪ್ರೆಸ್ಸುಗಳ ಪಟ್ಟಿ ಮಾತ್ರ ಕೊಟ್ಟಿದ್ದೇನೆ. ಅವರು ಹೋಗಿ ನೋಡಿ ಏನು ಬರೆಯುತ್ತಾರೋ ಅದು ಅವರಿಗೆ ಬಿಟ್ಟದ್ದು. ಕನ್ನಡ ವಿಕಿಪೀಡಿಯದ ಅರಳಿ ಕಟ್ಟೆ ಅನ್ನುವ ಸಾಮಾನ್ಯ ಚರ್ಚೆಯ ಪುಟದಲ್ಲಿ ಮುದ್ರಿತ ಜಿಲ್ಲಾ ಪುಟಗಳನ್ನು ಉಲ್ಲೇಖಿಸುವ ಕ್ರಮದ ಬಗ್ಗೆಯೂ ಮಾತು ಎತ್ತಬೇಕು ಅಂತಿದ್ದೇನೆ, ಪತ್ರಿಕೆ, ಆವೃತ್ತಿ, ದಿನಾಂಕ, ಪುಟ ಸಂಖ್ಯೆ ನಾಲ್ಕೂ ಬರೆಯುವ ಹಾಗೆ. ಆವೃತ್ತಿಯ ಹೆಸರು ಬಿಟ್ಟರೆ ಗ್ರಂಥಾಲಯಕ್ಕೆ ಹೋದವರಿಗೆ ಅದು ಸಿಗುವುದೇ ಇಲ್ಲ.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ, ಪ್ರೆಸ್ಸಿನಲ್ಲಾದರೂ 1995ರಿಂದ 2010ರ ನಡುವಿನ ಕಟಿಂಗ್ ಇದ್ದರೆ ಹೇಳಿ. ಕನ್ನಡ ಫಾಂಟ್, ಕನ್ವರ್ಟರ್, ಡಿಟಿಪಿ, ಕಂಪ್ಯೂಟರ್ ತರಬೇತಿ ಯಾವುದರ ಬಗ್ಗೆ ಇದ್ದರೂ ಆಗುತ್ತದೆ, ಹಾವೇರಿ ಕಡೆಯದು ಇನ್ನೂ ಒಂದೂ ಸಿಕ್ಕಿಲ್ಲ. ಕತ್ತರಿಸುವಾಗ ದಿನಾಂಕ ಹೋಗಿದ್ದರೆ ಹಿಂಬದಿಯನ್ನೂ ಫೋಟೋ ತೆಗೆಯಿರಿ, ಅಲ್ಲಿನ ಪೇಟೆ ಧಾರಣೆ, ಕ್ರಿಕೆಟ್ ಸ್ಕೋರು ನೋಡಿ ದಿನ ಹುಡುಕಬಹುದು. ಹಳೇ ಸಿ.ಡಿ., ಫ್ಲಾಪಿಯಲ್ಲಿ ಪೇಜ್‌ಮೇಕರ್ ಫೈಲ್ ಇದ್ದರೆ ಎಸೆಯಬೇಡಿ. ಯಾವ ಫಾಂಟ್ ಅಂತ ನೆನಪಿದ್ದರೆ ಒಂದು ಚೀಟಿ ಬರೆದು ಜೊತೆಗಿಡಿ.